ಮೊದಲು ಊರು ಕೇಳುತ್ತಿದ್ದ ಅಕ್ಕ

ಎಂಟರ್ ಒತ್ತುವ ಮೊದಲು ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದರು. ಚಳಿಗೆ ಮುದುಡಿ ಕೂತವರ ಹಾಗೆ. ದಪ್ಪ ಮೈ, ಗಿಡ್ಡ ಕುತ್ತಿಗೆ, ಕಿವಿಯ ಹಿಂದೆ ಇಳಿಬಿದ್ದ ಕನಕಾಂಬರದ ತುಂಡು. ಕೈ ಎರಡೂ ಸೆರೆಯಲ್ಲಿರುವಾಗ ಕಣ್ಣು ಮಾತ್ರ ಕಪ್ಪು ಪರದೆಯ ಮೇಲೆ ಎಡದಿಂದ ಬಲಕ್ಕೆ ಹೋಗುತ್ತಿತ್ತು, ತುಟಿ ಅಲುಗುತ್ತಿತ್ತು. ಟೈಪು ಮಾಡಿದ ಸಾಲನ್ನು ಪೂರ್ತಿ ಓದಿಕೊಂಡ ಮೇಲೆ ಬಲಗೈಯೊಂದನ್ನೇ ಹೊರಗೆಳೆದು ತೋರುಬೆರಳಿನಿಂದ ಆ ಗುಂಡಿಯನ್ನು ಟಕ್ಕನೆ ಕುಟ್ಟುತ್ತಿದ್ದರು.

"ಒತ್ತೋ ಕೈಗೆ ಬುದ್ಧಿ ಇರಲ್ಲ ಕಣೇ. ಅದ್ಕೇ ಕಟ್ಟಾಕ್ತೀನಿ," ಎಂದು ಮೊದಲ ದಿನವೇ ಹೇಳಿದ್ದರು. ನಾನು ನಕ್ಕಿದ್ದೆ.

ನಾನು ಅವರ ಜೊತೆ ಕೆಲಸ ಮಾಡಿದ್ದು ಕೊಳ್ಳೇಗಾಲದಲ್ಲಿ, ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ. ಎರಡು ಸಾವಿರದ ಇಸವಿ ದಾಟಿದ ಹೊಸತು. ದೊಡ್ಡ ಆಸ್ಪತ್ರೆ ಕೊಳ್ಳೇಗಾಲದ್ದು. ಹನೂರಿನಲ್ಲಿ ಒಂದು, ಯಳಂದೂರಿನಲ್ಲಿ ಒಂದು ಚಿಕ್ಕ ಶಾಖೆ. ಮೂರು ಕಡೆಯ ಔಷಧಿ ದಾಸ್ತಾನಿಗೂ ಅವರೇ ಮುಖ್ಯಸ್ಥೆ. ನಾನು ಬಿ.ಕಾಂ. ಮುಗಿಸಿ ಧನಗೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಕಂಪ್ಯೂಟರ್ ಆಪರೇಟರ್. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ವಾಚ್‌ಮನ್‌ವರೆಗೆ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ಅದನ್ನು ಅವರು ತಮಗೆ ಸಲ್ಲಬೇಕಾದ ಪದವಿಯಂತೆಯೇ ಸ್ವೀಕರಿಸಿದ್ದರು. ಯಾರಾದರೂ ಮರೆತು ಮೇಡಂ ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ.

ಅವರ ಊರು ಕೌದಳ್ಳಿಯಿಂದ ಆಚೆ, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಆಡುವ ಕಡೆ. ಸಿಟ್ಟು ಬಂದಾಗ ಎರಡೂ ಒಟ್ಟಿಗೆ ಬರುತ್ತಿದ್ದವು. ಪ್ರೀತಿ ಬಂದಾಗ ನನ್ನನ್ನು ಪಾಪಾ ಎನ್ನುತ್ತಿದ್ದರು. ಮದುವೆ ಆಗಿರಲಿಲ್ಲ. ಆ ಮಾತು ಎತ್ತಿದ ನರ್ಸ್ ಒಬ್ಬಳಿಗೆ, "ಮೂರ್ ಊರು ಸಂಬಾಳಿಸ್ತಾ ಇದ್ದೀನಿ, ನಾಲ್ಕನೇದ್ ಯಾಕ್ ಬೇಕು?" ಎಂದು ಬಾಯಿ ಮುಚ್ಚಿಸಿದ್ದರು.

ಆ ಮೂರು ಊರಿನ ಮಾತು ಬರಿಯ ಜಂಬವಲ್ಲ. ಮೂರು ಕಡೆಯ ಕಂಪ್ಯೂಟರುಗಳನ್ನು ಬೇರೆ ಬೇರೆ ವರ್ಷ, ಬೇರೆ ಬೇರೆ ಅಂಗಡಿಯಿಂದ ಕೊಂಡಿದ್ದರು. ಹಾಗಾಗಿ ದಾಸ್ತಾನು ಬರೆದಿಡುವ ಡೇಟಾಬೇಸ್ ಕೂಡ ಒಂದೊಂದು ಕಡೆ ಒಂದೊಂದು ಬಗೆ. ನಮ್ಮ ಕೊಳ್ಳೇಗಾಲದ್ದು ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತಿತ್ತು. ಯಳಂದೂರಿನದು ಬಹಳ ನಿಧಾನ. ಹನೂರಿನದು ತಾರೀಖು ಬರೆಯುವಾಗ ತಿಂಗಳನ್ನು ಮುಂದೆ ಇಟ್ಟು ದಿನವನ್ನು ಹಿಂದಕ್ಕೆ ತಳ್ಳುತ್ತಿತ್ತು; ಬೇರೆ ಎರಡೂ ಹಾಗೆ ಮಾಡುತ್ತಿರಲಿಲ್ಲ. "ಅನೂರಿಂದು ಚಪ್ಲಿ ಅದ್ಲುಬದ್ಲು ಆಕ್ಕೊಂಡ್ ಬತ್ತದೆ," ಎಂದು ಅಕ್ಕ ರೇಗಿಸುತ್ತಿದ್ದರು, ಪಕ್ಕದ ಮನೆಯ ಮಗುವಿನ ಬಗ್ಗೆ ಹೇಳುವ ಹಾಗೆ.

ಪ್ರತಿ ಸಂಜೆ ಎರಡೂ ಶಾಖೆಯವರು ತಮ್ಮ ಡೇಟಾಬೇಸಿನ ನಕಲನ್ನು ಫ್ಲಾಪಿಯಲ್ಲಿ ತುಂಬಿ ಕೊಳ್ಳೇಗಾಲದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ನಮ್ಮವರು ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಂಡು ಬಂದು, ಹಳೆಯ ನಕಲಿನ ಮೇಲೆ ಹೊಸದನ್ನು ಏರಿಸುತ್ತಿದ್ದರು. ಹೀಗೆ ಮೂರು ಊರೂ ನಮ್ಮ ಒಂದು ಕಂಪ್ಯೂಟರಿನೊಳಗೆ ಇದ್ದವು. ಮೂರನ್ನೂ ಮಾತಾಡಿಸಲು ಮೈಸೂರಿನ ಇಂಜಿನಿಯರ್ ಒಬ್ಬರು ಒಂದು ಪುಟ್ಟ ಪ್ರೋಗ್ರಾಂ ಹಾಕಿಕೊಟ್ಟಿದ್ದರು. ಅದರಲ್ಲಿ ಚಿತ್ರವಿಲ್ಲ, ಮೌಸಿಗೆ ಕೆಲಸವಿಲ್ಲ. ಕಪ್ಪು ಪರದೆ, ಒಂದು ಬಾಣದ ಗುರುತು, ಅದರ ಮುಂದೆ ಮಿಣುಕುವ ಗೆರೆ. ಹನೂರಿಗೆ ಹೋಗು ಎಂದು ಆಜ್ಞೆ ಟೈಪು ಮಾಡಿದರೆ ಹನೂರಿನ ಡೇಟಾಬೇಸಿಗೆ ಹೋಗುತ್ತಿತ್ತು. ಆಮೇಲೆ ಇಂಥ ಔಷಧಿ ಎಷ್ಟಿದೆ ಎಂದು ಕೇಳಿದರೆ ಹನೂರಿನ ಉತ್ತರ ಬರುತ್ತಿತ್ತು. ಯಳಂದೂರಿಗೆ ಹೋಗು ಎಂದರೆ ಅಲ್ಲಿಗೆ. ಒಂದೇ ತೊಂದರೆ. ಎಲ್ಲಿದ್ದರೂ ಆ ಬಾಣದ ಗುರುತು ಒಂದೇ ಥರ. ನಾವು ಈಗ ಯಾವ ಊರಿನಲ್ಲಿ ನಿಂತಿದ್ದೇವೆ ಎಂದು ಅದು ತಾನಾಗಿ ಹೇಳುತ್ತಿರಲಿಲ್ಲ.

ಅದಕ್ಕೆ ಅಕ್ಕ ತಾವೇ ಒಂದು ಉಪಾಯ ಮಾಡಿದ್ದರು. ಮೂರೂ ಶಾಖೆಗೆ ಖುದ್ದಾಗಿ ಹೋಗಿ, ಪ್ರತಿ ಡೇಟಾಬೇಸಿನಲ್ಲೂ 'ಊರು' ಎಂಬ ಒಂದು ಪಟ್ಟಿ ಸೇರಿಸಿ ಬಂದಿದ್ದರು. ಅದರಲ್ಲಿ ಇದ್ದದ್ದು ಆ ಊರಿನ ಹೆಸರು ಮಾತ್ರ. ಯಾವ ಪ್ರಶ್ನೆ ಕೇಳುವ ಮೊದಲೂ ಅವರು ಊರು ಕೇಳುತ್ತಿದ್ದರು. ಹನೂರು ಎಂದು ಉತ್ತರ ಬಂದರೆ ಮಾತ್ರ ಹನೂರಿನ ವಿಚಾರ. ನಮ್ಮ ಕಡೆ ಜಗಲಿಗೆ ಯಾರು ಬಂದರೂ ನೀರು ಕೊಡುವ ಮೊದಲು "ಯಾವೂರವ್ವಾ?" ಎಂದು ಕೇಳುವುದಿಲ್ಲವೇ, ಅದನ್ನೇ ಅವರು ಯಂತ್ರಕ್ಕೂ ಕಲಿಸಿದ್ದರು.

ಹೊಸದಾಗಿ ಬಂದ ಮ್ಯಾನೇಜರ್ ಒಂದು ದಿನ ಅದನ್ನು ನೋಡಿ, "ಏನಕ್ಕಾ ಇದು, ಒಂದೇ ಸಾಲಿಗೆ ಒಂದು ಪಟ್ಟಿ? ಸುಮ್ನೆ ಟೈಮ್ ವೇಸ್ಟ್," ಎಂದರು.

"ಸಾರ್, ನಿಮ್ಮನ್ನ ಹೆಣ್ ನೋಡೋಕ್ ಕರ್ಕೊಂಡೋದಾಗ ಊರ್ ಕೇಳಿದ್ರೋ ಇಲ್ವೋ?"

"ಕೇಳಿದ್ದೆ."

"ಕೇಳ್ದೆ ಸಟ್ಟಂತ ತಾಳಿ ಕಟ್ಬುಡ್ಬೇಕಾಗಿತ್ತು. ಟೈಮ್ ವೇಸ್ಟಲ್ವಾ?"



ಇಷ್ಟೆಲ್ಲ ಇಷ್ಟು ವಿವರವಾಗಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ಆ ಭಾನುವಾರ ನಡೆದದ್ದನ್ನು ಬರೆಯಲು ನನಗೆ ಇನ್ನೂ ಹೆದರಿಕೆ. ಮುಂದೂಡುತ್ತಿದ್ದೇನೆ. ಎಷ್ಟೋ ಸಲ ಬಸ್ಸಿನ ಕಿಟಕಿಯಲ್ಲಿ ಕೂತಾಗ, ಅನ್ನ ಬಸಿಯುವಾಗ, ಆ ದಿನ ತಾನಾಗಿ ಮೊದಲಿಂದ ಶುರುವಾಗುತ್ತದೆ. ಪ್ರತಿ ಸಲವೂ ಆಸ್ಪತ್ರೆಯ ಜೀಪು ಗೇಟು ದಾಟುವಲ್ಲಿ ಅದನ್ನು ಅಲ್ಲಿಗೇ ನಿಲ್ಲಿಸಲು ನೋಡುತ್ತೇನೆ.

ಹುರುಳಿ ಕೊಯ್ಲಿನ ಕಾಲ. ತಿಂಗಳ ಕೊನೆಯ ತಾಳೆ ನೋಡುವ ಕೆಲಸವಿತ್ತು, ಅದಕ್ಕೆ ಭಾನುವಾರವಾದರೂ ಅಕ್ಕ ನನ್ನನ್ನು ಕರೆಸಿಕೊಂಡಿದ್ದರು. ಬೆಳಗಿನಿಂದ ಹನೂರಿನ ಡೇಟಾಬೇಸಿನಲ್ಲೇ ಇದ್ದೆವು. ಮಧ್ಯಾಹ್ನದ ಹೊತ್ತಿಗೆ ಹೊರಗೆ ಟ್ರ್ಯಾಕ್ಟರ್ ಬಂದ ಸದ್ದು, ಆಮೇಲೆ ಅಳು. ಆ ಅಳು ನನಗೆ ಗೊತ್ತಿದ್ದ ದನಿ. ನನ್ನ ಅವ್ವನದು.

ಟ್ರೇಲರಿನಲ್ಲಿ ಹುಲ್ಲಿನ ಮೇಲೆ ಅಪ್ಪ ಮಲಗಿದ್ದ. ಗದ್ದೆಯ ಬದುವಿನಲ್ಲಿ ಕೊಳಕುಮಂಡಲ ಕಚ್ಚಿತ್ತು. ಬಲಗಾಲು ಮೊಣಕಾಲಿನವರೆಗೆ ಊದಿ ಬಣ್ಣ ಬದಲಾಗಿತ್ತು. ಅಪ್ಪ ನನ್ನನ್ನು ನೋಡಿ ನಗಲು ಹೋದಾಗ ವಸಡಿನಲ್ಲಿ ರಕ್ತ ಕಾಣಿಸಿತು.

"ಎದುರ್ಕಬೇಡ ಕಣವ್ವಾ, ಸಣ್ಣದಿತ್ತು," ಎಂದ.

ಡಾಕ್ಟರು ಕಾಲು ನೋಡಿದರು, ರಕ್ತ ತೆಗೆದು ಗಾಜಿನ ಕೊಳವೆಯಲ್ಲಿಟ್ಟು ಕಾದರು. ಅದು ಹೆಪ್ಪುಗಟ್ಟಲಿಲ್ಲ; ವಿಷ ರಕ್ತಕ್ಕೆ ಸೇರಿತ್ತು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ನಮ್ಮಲ್ಲಿ ಮುಗಿದಿತ್ತು. ಕೊಯ್ಲಿನ ದಿನಗಳಲ್ಲಿ ಅದಕ್ಕೆ ಸುತ್ತಮುತ್ತ ಎಲ್ಲ ಕಡೆಯೂ ಅಭಾವ. ಇದ್ದರೆ ನಮ್ಮ ಶಾಖೆಗಳ ಫ್ರಿಜ್ಜಿನಲ್ಲಿ ಇರಬೇಕು. ಭಾನುವಾರವಾದ್ದರಿಂದ ಶಾಖೆಗಳು ಮುಚ್ಚಿದ್ದವು. ಫೋನು ಸುಮ್ಮನೆ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಇಂಜೆಕ್ಷನ್ ತರಿಸಿಕೊಳ್ಳುವುದೆಂದರೆ ಹೋಗಿ ಬರುವ ಎರಡು ಪಟ್ಟು ಹೊತ್ತು. ಅಪ್ಪನನ್ನೇ ಜೀಪಿನಲ್ಲಿ ಅದು ಇರುವ ಕಡೆಗೆ ಒಯ್ಯಬೇಕೆಂದು ಡಾಕ್ಟರು ತೀರ್ಮಾನಿಸಿದರು. ಆದರೆ ಯಾವ ಕಡೆಗೆ? ಹನೂರು ಒಂದು ದಿಕ್ಕಿಗೆ, ಯಳಂದೂರು ಅದರ ವಿರುದ್ಧ ದಿಕ್ಕಿಗೆ. ಜೀಪು ಒಂದೇ.

ಅಕ್ಕ ಕುರ್ಚಿಗೆ ಬಿದ್ದ ಹಾಗೆ ಕೂತರು. ಪರದೆ ಇನ್ನೂ ಹನೂರಿನಲ್ಲೇ ಇತ್ತು. ಅವರು ಇಂಜೆಕ್ಷನ್ ಹೆಸರು ಟೈಪು ಮಾಡಲು ಶುರು ಮಾಡುವಷ್ಟರಲ್ಲಿ ಡಾಕ್ಟರು ಬಾಗಿಲಿನಿಂದಲೇ ಕೂಗಿದರು, "ಯಳಂದೂರು ನೋಡಿ ಅಕ್ಕಾ, ಅದು ಹತ್ತಿರ! ಬೇಗ!"

ಅಕ್ಕ ಅಳಿಸಿದರು. ಯಳಂದೂರಿಗೆ ಹೋಗು ಎಂದು ಟೈಪು ಮಾಡಿದರು. ಪರದೆಯ ಮೇಲೆ ಒಂದು ಸಾಲು ಇಂಗ್ಲಿಷು ಮೂಡಿತು. ಹಿಂದೆಯೇ ಅವ್ವ ಒಳಗೆ ಬಂದು ಅಕ್ಕನ ತೋಳು ಹಿಡಿದು ಅಲುಗಾಡಿಸಿದಳು: "ಅದೆಂತದೋ ನೋಡ್ತಾ ಕುಂತಿದ್ದೀಯಲ್ಲವ್ವಾ, ಅಲ್ಲಿ ನಮ್ಮೆಜಮಾನ್ರು ರಕ್ತ ಉಗೀತಾವ್ರೆ!" ಅಕ್ಕ ಸೀದಾ ಇಂಜೆಕ್ಷನ್ ಎಷ್ಟಿದೆ ಎಂದು ಕೇಳಿ, ಎಂಟರ್ ಕುಟ್ಟಿದರು. ಕೈ ಕಂಕುಳಿಗೆ ಹೋಗಲಿಲ್ಲ. ಊರು ಕೇಳಲಿಲ್ಲ.

ಉತ್ತರ ಬಂತು. ಇದೆ. ಬೇಕಾದಷ್ಟಿದೆ.

"ಯಳಂದೂರಲ್ಲಿ ಅದೆ ಸಾರ್!" ಎಂದು ಅಕ್ಕ ಕೂಗಿದ್ದು ವಾರ್ಡಿನವರೆಗೂ ಕೇಳಿರಬೇಕು.

ಅಪ್ಪನನ್ನು ಜೀಪಿಗೆ ಹಾಕಿದರು. ಅವ್ವ ಹತ್ತಿದಳು, ಡಾಕ್ಟರೂ ಹತ್ತಿದರು. ನಾನೂ ಹತ್ತಲು ಹೋದೆ. ಅಕ್ಕ ನನ್ನ ಸೆರಗು ಹಿಡಿದು ಎಳೆದರು. ಯಳಂದೂರಿನ ಶಾಖೆಯ ಎದುರು ಒಂದು ಕಿರಾಣಿ ಅಂಗಡಿ ಇತ್ತು, ಅಲ್ಲಿಗೆ ಫೋನು ಮಾಡಿ, ಬೀಗದ ಕೈ ಇಟ್ಟುಕೊಂಡವರನ್ನು ಕರೆಸಿ ಬಾಗಿಲು ತೆಗೆಸಬೇಕಿತ್ತು. "ನೀನ್ ಫೋನ್ ಮಾಡು ಪಾಪಾ. ಅವ್ರು ಓಗೋದ್ರೊಳ್ಗೆ ಫ್ರಿಜ್ ತೆಗ್ದಿರ್ಬೇಕು." ಜೀಪು ಗೇಟು ದಾಟಿ ಯಳಂದೂರಿನ ರಸ್ತೆಗೆ ತಿರುಗಿತು.

ನಾನು ನಂಬರು ತಿರುಗಿಸುತ್ತಿದ್ದೆ. ಎರಡು ಸಲ ತಪ್ಪಿತು, ಆಮೇಲೆ ಎಂಗೇಜ್ ಬಂತು. ಅಕ್ಕ ಪರದೆಯ ಕಡೆಗೇ ನೋಡುತ್ತಿದ್ದರು. ಆಗ ಅವರ ಮುಖದಲ್ಲಿ ಆದ ಬದಲಾವಣೆಯನ್ನು ನಾನು ಮತ್ತೆ ಯಾರ ಮುಖದಲ್ಲೂ ನೋಡಿಲ್ಲ, ನೋಡುವುದೂ ಬೇಡ.

"ತಿಂಗ್ಳು ಮುಂದದೆ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಪರದೆಗೆ ಬೆರಳಿಟ್ಟರು. ಇಂಜೆಕ್ಷನ್‌ನ ಅವಧಿ ಮುಗಿಯುವ ತಾರೀಖು ಅಲ್ಲಿತ್ತು. ತಿಂಗಳು ಮುಂದೆ, ದಿನ ಹಿಂದೆ. ಹನೂರಿನ ಬರವಣಿಗೆ.

"ಊರ್ ಕೇಳ್ಲಿಲ್ಲ ನಾನು," ಎನ್ನುತ್ತ ಅವರು ಊರು ಕೇಳುವ ಸಾಲನ್ನು ಟೈಪು ಮಾಡಿದರು.

ಪರದೆ ಹೇಳಿತು: ಹನೂರು.

ಅವ್ವ ತೋಳು ಅಲುಗಾಡಿಸುವ ಮೊದಲು ಮೂಡಿದ್ದ ಆ ಇಂಗ್ಲಿಷ್ ಸಾಲು ಇನ್ನೂ ಮೇಲೆ ಇತ್ತು. ಯಳಂದೂರಿನ ಡೇಟಾಬೇಸ್ ತೆರೆಯಲಾಗಲಿಲ್ಲ, ಹಿಂದೆ ಇದ್ದಲ್ಲೇ ಇದ್ದೇನೆ ಎಂದು ಅದರ ಅರ್ಥ. ಯಂತ್ರ ಹೇಳಿತ್ತು. ನಾವು ಓದಿರಲಿಲ್ಲ. ಹಿಂದಿನ ಸಂಜೆ ಬಂದ ಯಳಂದೂರಿನ ಫ್ಲಾಪಿ ಕೆಟ್ಟಿತ್ತು ಎಂದು ಆಮೇಲೆ ತಿಳಿಯಿತು. ಬದಲಿಗೆ ಬಂದಿದ್ದ ಕಂಡಕ್ಟರ್ ಒಬ್ಬ ಅದನ್ನು ಜೋಪಾನವಾಗಿ ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಇಟ್ಟುಕೊಂಡು ಬಂದಿದ್ದ. ಕಾದ ಬಾನೆಟ್ಟಿಗೆ ಫ್ಲಾಪಿ ಸೊಟ್ಟಗಾಗಿತ್ತು. ಅದನ್ನೇ ಒಳ್ಳೆಯ ನಕಲಿನ ಮೇಲೆ ಏರಿಸಿ, ತೆರೆದು ನೋಡದೆ ಮನೆಗೆ ಹೋಗಿದ್ದರು.

ಯಳಂದೂರಿನಲ್ಲಿ ಇಂಜೆಕ್ಷನ್ ಇದೆಯೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಹನೂರಿನಲ್ಲಿ ಇದೆ ಎನ್ನುವುದು ಮಾತ್ರ ಗೊತ್ತಿತ್ತು. ಅಪ್ಪ ಹನೂರಿಗೆ ಬೆನ್ನು ಹಾಕಿ ದೂರ ದೂರ ಹೋಗುತ್ತಿದ್ದ.

ಅಕ್ಕ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಗೇಟಿನಲ್ಲಿ ವಾಚ್‌ಮನ್ ತನ್ನ ಮೊಪೆಡ್ಡಿಗೆ ಒರಗಿಕೊಂಡು ಬೀಡಿ ಸೇದುತ್ತಿದ್ದ.

"ಕೀ ಕೊಡ್ಲಾ!"

"ಅಕ್ಕಾ, ನಿಮ್ಗೆ ಗಾಡಿ ಬತ್ತದಾ?"

"ಬಂದ್ರೆ ಬತ್ತದೆ, ಬರ್ದೆ ಓದ್ರೆ ಬೀಳ್ತೀನಿ. ತತ್ತಾ ಇಲ್ಲಿ!"

"ಪೆಟ್ರೋಲ್ ಕಮ್ಮಿ ಅದೆ ಕಣಕ್ಕಾ..."

ಕೊನೆಯ ಮಾತು ನಮ್ಮ ಹಿಂದೆ ಉಳಿಯಿತು. ನಾನು ಹಿಂದೆ ಕೂತು ಅವರ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಅವರ ಬೆನ್ನು ಬೆವರಿನಿಂದ ಒದ್ದೆ. ಇಡೀ ದಾರಿ ತಮಿಳಿನಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು, ದೇವರಿಗೋ, ಮೊಪೆಡ್ಡಿಗೋ. ನಾನು ರಸ್ತೆಯನ್ನೇ ನೋಡುತ್ತಿದ್ದೆ. ಪ್ರತಿ ತಿರುವಿನಲ್ಲೂ ಜೀಪು ಕಾಣಿಸಲಿ ಎಂದು, ಪ್ರತಿ ತಿರುವಿನಲ್ಲೂ ಖಾಲಿ ರಸ್ತೆ. ಜೀಪನ್ನು ಮೊಪೆಡ್ ಹಿಡಿಯುವುದುಂಟೇ? ಅದು ಇಬ್ಬರಿಗೂ ಗೊತ್ತಿತ್ತು.

ಅಗರ ಇನ್ನೂ ಸ್ವಲ್ಪ ದೂರ ಇರುವಾಗ ಮೊಪೆಡ್ ಗುಟುರು ಹಾಕಿ ನಿಂತಿತು. ಪೆಟ್ರೋಲ್ ಮುಗಿದಿತ್ತು. ಅಕ್ಕ ಅದನ್ನು ರಸ್ತೆಯ ಪಕ್ಕಕ್ಕೆ ನೂಕಿ ಕಣ್ಣಿಗೆ ಕೈ ಅಡ್ಡ ಹಿಡಿದರು. ದೂರದಲ್ಲಿ, ಅಗರದ ಮೊದಲ ಮನೆಗಳ ಹತ್ತಿರ, ನಮ್ಮ ಬಿಳಿ ಜೀಪು ನಿಂತಿತ್ತು.

ಆ ಕಾಲದಲ್ಲಿ ನಮ್ಮ ಕಡೆಯವರು ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳ ಚಕ್ರ ಹರಿದು ಒಕ್ಕಣೆ ತಾನಾಗಿ ಆಗುತ್ತದೆ. ದಪ್ಪಗೆ ಹರಡಿದ್ದ ಹುರುಳಿಯ ಬಳ್ಳಿ ಜೀಪಿನ ತಳದಲ್ಲಿ ತಿರುಗುವ ಕಂಬಿಗೆ ಸುತ್ತಿಕೊಂಡು ಬಿಗಿದಿತ್ತು. ಹೊಗೆ ಬರಲು ಶುರುವಾದಾಗ ಡ್ರೈವರ್ ನಿಲ್ಲಿಸಿ ಕೆಳಗೆ ನುಗ್ಗಿದ್ದ. ಆಗ ಅವ್ವ ಆ ಹುರುಳಿ ಹಾಕಿದವರ ವಂಶವನ್ನೆಲ್ಲ ಬೈಯುತ್ತಿದ್ದಳಂತೆ.

ಅಕ್ಕ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಓಡಿದರು. ಚಪ್ಪಲಿ ಎಲ್ಲೋ ಕಳಚಿ ಹೋಯಿತು. ಹುರುಳಿಯ ಮೇಲೆ ಕಾಲು ಜಾರುತ್ತಿತ್ತು, ಒಂದು ಸಲ ಬಿದ್ದರು, ಎದ್ದರು. ನಾನು ಹಿಂದೆ ಓಡುತ್ತಿದ್ದೆ. ಅವರ ಅರ್ಧ ವಯಸ್ಸಿನವಳು, ಆದರೂ ಅವರನ್ನು ದಾಟಲು ಆಗಲಿಲ್ಲ. ಡ್ರೈವರ್ ಜೀಪಿನಡಿಯಿಂದ ಕೊನೆಯ ಕಂತೆ ಕಿತ್ತು ಎಸೆದು, ಕೈ ಒರೆಸಿಕೊಂಡು ಒಳಗೆ ಹತ್ತಿದ್ದು ಕಾಣಿಸಿತು. ಇಂಜಿನ್ ಶುರುವಾಯಿತು.

"ನಿಲ್ಸೋ! ನಿಲ್ಸ್ಲಾ!" ಅಕ್ಕನ ಉಸಿರು ದನಿಯಾಗಿ ಬರುತ್ತಿರಲಿಲ್ಲ. ಹುರುಳಿ ತಿರುವುತ್ತಿದ್ದ ಹೆಂಗಸರು ತಮ್ಮ ಕೊಕ್ಕೆಕೋಲುಗಳನ್ನು ಎತ್ತಿ ಹಿಡಿದು, "ಏ ಡ್ರೈವರಣ್ಣಾ, ಯಾರೋ ಬತ್ತಾವ್ರೆ ನೋಡು!" ಎಂದು ಕೂಗಿದರು. ಹಿಂದಿನ ಪರದೆ ಸರಿಸಿ ಅವ್ವ ಇಣುಕಿದಳು.

ಜೀಪು ನಿಂತಿತು. ಅಕ್ಕ ಅದರ ಹಿಂಬಾಗಿಲನ್ನು ಎರಡೂ ಕೈಯಿಂದ ಹಿಡಿದುಕೊಂಡರು.

"ಯಳಂದೂರಲ್ಲ ಸಾರ್. ಔಷ್ದಿ ಇರೋದು ಹನೂರಲ್ಲಿ. ತಿರುಗ್ಸಿ."

ಡಾಕ್ಟರು ಬಿಳಿಚಿಕೊಂಡರು. "ಈಗ ಹೇಳ್ತಿದ್ದೀರಾ? ಇದಾದ್ರೂ ಖಾತ್ರಿನಾ?"

"ಊರ್ ಕೇಳಿದ್ದೀನಿ ಸಾರ್. ಈಗ ಕೇಳಿದ್ದೀನಿ."

ಅವ್ವನಿಗೆ ಎಲ್ಲವೂ ಒಮ್ಮೆಗೇ ಅರ್ಥವಾಯಿತು. "ಅಯ್ಯೋ ನಿನ್ ಬಾಯ್ಗೆ! ಸಾಯೋ ಮನ್ಸನ್ನ ಬ್ಯಾರೆ ದಾರೀಲಿ ಕಳ್ಸುದ್ಯಲ್ಲೇ!" ಎಂದು ಕಿರುಚಿದಳು. ಅಕ್ಕ ನನ್ನನ್ನು ಎತ್ತಿ ಜೀಪಿನೊಳಗೆ ತಳ್ಳಿ, ತಾವು ಬರಿಗಾಲಲ್ಲಿ ಅಗರದ ಎಸ್‌ಟಿಡಿ ಬೂತಿನ ಕಡೆಗೆ ಹೊರಟರು. ಹನೂರಿನ ಶಾಖೆಯ ಹಿಂದೆಯೇ ವಾಸವಿದ್ದ ನರ್ಸಿನ ಪಕ್ಕದ ಮನೆಗೆ ಫೋನಿತ್ತು.

ಆ ದಾರಿ ನನಗೆ ಮುಗಿಯುವುದೇ ಇಲ್ಲ. ಅಗರದಿಂದ ಹಿಂದಕ್ಕೆ ಕೊಳ್ಳೇಗಾಲ, ಕೊಳ್ಳೇಗಾಲ ದಾಟಿ ಹನೂರು. ನಮ್ಮ ಆಸ್ಪತ್ರೆಯ ಗೇಟನ್ನು ಮತ್ತೆ ಹಾದು ಹೋದೆವು. ಹೊರಟಲ್ಲಿಗೇ ಬಂದಿದ್ದೆವು, ಇನ್ನು ಮೇಲೆ ನಿಜವಾದ ದಾರಿ. ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಅವನ ತುಟಿಯ ಅಂಚಿನ ರಕ್ತವನ್ನು ಸೆರಗಿನಿಂದ ಒರೆಸುತ್ತಿದ್ದೆ, ಮತ್ತೆ ಬರುತ್ತಿತ್ತು. ಡಾಕ್ಟರು ನಾಡಿ ಹಿಡಿದು ಕೂತಿದ್ದರು.

ಅಪ್ಪ ಕಣ್ಣು ತೆರೆದ. "ಎಲ್ಗ್ ಓಯ್ತಾ ಇದ್ದೀವಿ?"

"ಅನೂರ್ಗೆ ಅಪ್ಪಾ."

"ಆಗ್ಲೇ ಯಳಂದೂರು ಅಂದ್ರಿ."

ನಾನು ಅವನ ತುಟಿಯನ್ನು ಮತ್ತೆ ಒರೆಸಿದೆ. ಅವನು ಮತ್ತೆ ಕಣ್ಣು ಮುಚ್ಚಿದ. ಆ ಕಣ್ಣು ಮತ್ತೆ ತೆರೆಯದೆ ಹೋಗಿದ್ದರೆ ಅವನು ನನಗೆ ಹೇಳಿದ ಕೊನೆಯ ಮಾತು ಅದೇ ಆಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ.

ಹನೂರಿನಲ್ಲಿ ನರ್ಸ್ ರಸ್ತೆಯ ಮಧ್ಯದಲ್ಲೇ ನಿಂತಿದ್ದರು, ನಾವು ಶಾಖೆ ದಾಟಿ ಹೋಗಬಾರದೆಂದು. ಬಾಗಿಲು ತೆರೆದಿತ್ತು, ಮಂಚ ಸಿದ್ಧವಿತ್ತು. ಪರದೆ ಹೇಳಿದ್ದ ಇಂಜೆಕ್ಷನ್ ಫ್ರಿಜ್ಜಿನಲ್ಲಿತ್ತು. ಡಾಕ್ಟರು ಜೀಪಿನಿಂದ ಇಳಿಯುತ್ತಲೇ ಅಂಗಿಯ ತೋಳು ಮಡಚುತ್ತಿದ್ದರು. ಸಂಜೆಯ ಹೊತ್ತಿಗೆ ಮತ್ತೆ ರಕ್ತ ತೆಗೆದು ಕೊಳವೆಯಲ್ಲಿಟ್ಟರು. ನಾನು, ಅವ್ವ, ನರ್ಸ್ ಅದನ್ನೇ ನೋಡುತ್ತ ಕೂತೆವು. ಡಾಕ್ಟರು ಕೊಳವೆ ಓರೆ ಮಾಡಿದರು. ರಕ್ತ ಕದಲಲಿಲ್ಲ, ಹೆಪ್ಪುಗಟ್ಟಿತ್ತು. ಅವ್ವ ನೆಲಕ್ಕೆ ಹಣೆ ಹಚ್ಚಿದಳು.

ಅಪ್ಪ ಬದುಕಿದ. ಬಲಗಾಲಿನ ಎರಡು ಬೆರಳು ಹೋದವು, ಸಂಜೆಯಾದರೆ ಪಾದ ಊದುತ್ತಿತ್ತು. ಅಗರದ ದಾರಿಯಲ್ಲಿ ಕಳೆದ ಹೊತ್ತು ಉಳಿದಿದ್ದರೆ ಬೆರಳು ಉಳಿಯುತ್ತಿದ್ದವೇ ಎಂದು ನಾನು ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಅವ್ವನಿಗೆ ಮಾತ್ರ ಅನುಮಾನವಿರಲಿಲ್ಲ.

ಅಪ್ಪನನ್ನು ಕೊಳ್ಳೇಗಾಲದ ವಾರ್ಡಿಗೆ ತಂದ ಮೇಲೆ ಅಕ್ಕ ಮಂಚದ ಹತ್ತಿರ ಬಂದರು. ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡಿದ್ದರು. ಡಾಕ್ಟರೂ ಮ್ಯಾನೇಜರೂ ತಪ್ಪನ್ನು ಫ್ಲಾಪಿಯ ಮೇಲೆ, ಕಂಡಕ್ಟರ್ ಮೇಲೆ ಹಾಕಿ ಮುಗಿಸಿದ್ದ ವಿಷಯ ಅದು. ಅಕ್ಕನಿಗೆ ಅದು ಬೇಕಿರಲಿಲ್ಲ.

"ಯಜಮಾನ್ರೇ, ನಿಮ್ಮನ್ನ ಆ ದಾರಿಗೆ ಕಳ್ಸಿದ್ದು ನಾನು. ಕೇಳ್ಬೇಕಾಗಿದ್ದನ್ನ ಕೇಳ್ದೆ ಕಳ್ಸ್ಬುಟ್ಟೆ."

ಅಪ್ಪ ಅವರ ಬ್ಯಾಂಡೇಜು ಸುತ್ತಿದ ಪಾದ ನೋಡಿದ. "ಅಗರ ನಮ್ ಬೀಗ್ರೂರು ಕಣವ್ವಾ. ವರ್ಸಕ್ಕೊಂದ್ ದಪನಾದ್ರೂ ಓಗ್ಬೇಕಲ್ಲ," ಎಂದ.

ಅಕ್ಕ ನಗಲಿಲ್ಲ. ಅವ್ವ ಗೋಡೆಯ ಕಡೆ ತಿರುಗಿ ಕೂತಳು.

ಆಮೇಲೆ ಅಕ್ಕ ಮಾಡಿದ್ದನ್ನೆಲ್ಲ ಹೇಳಬೇಕು. ಮೈಸೂರಿನ ಇಂಜಿನಿಯರನ್ನು ಕರೆಸಿ, ಬಾಣದ ಗುರುತಿನ ಹಿಂದೆ ಯಾವಾಗಲೂ ಊರಿನ ಹೆಸರು ಕಾಣುವಂತೆ ಬದಲಾಯಿಸಿದರು. ಇಂಜಿನಿಯರ್ "ಸೋಮವಾರ ನೋಡೋಣ" ಎಂದಾಗ ಅಕ್ಕ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು. ಬಸ್ ಸ್ಟ್ಯಾಂಡಿಗೆ ಹೋಗಿ ಸಿಕ್ಕ ಸಿಕ್ಕ ಕಂಡಕ್ಟರುಗಳಿಗೆಲ್ಲ 'ಬಾನೆಟ್ ಮೇಲೆ ಅನ್ನ ಬಿಸಿ ಮಾಡ್ಕೊಳ್ಳಿ, ನನ್ ಫ್ಲಾಪಿ ಬೇಡ' ಎಂದು ಪಾಠ ಹೇಳಿ ಬಂದರು. ಕೀಲಿಮಣೆಯ ಮುಂದೆ ಒಬ್ಬರೇ ಕೂರುವುದನ್ನು ನಿಲ್ಲಿಸಿದರು. ಒಬ್ಬರು ಟೈಪು ಮಾಡಬೇಕು, ಇನ್ನೊಬ್ಬರು ಪರದೆಯ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಬೇಕು. ನಾನು ಆಮೇಲೆ ಬೇರೆ ಕಡೆ ಕೆಲಸಕ್ಕೆ ಹೋದಾಗಲೂ ಹಾಗೇ ಮಾಡಿದೆ. ಜನ ನಕ್ಕರು. ನಗಲಿ.

ಅಪ್ಪ ಮನೆಗೆ ಬಂದ ಮೇಲೆ ಅಕ್ಕ ತಿಂಗಳಿಗೊಮ್ಮೆಯಾದರೂ ಧನಗೆರೆಗೆ ಬರುತ್ತಿದ್ದರು. ಜಗಲಿಯ ಮೇಲೆ ಕೂತು, "ಎಲ್ಲಿ, ಕಾಲ್ ತೋರ್ಸಿ," ಎನ್ನುತ್ತಿದ್ದರು. ಅಪ್ಪ ಕಾಲು ಚಾಚುತ್ತಿದ್ದ. ಹೆಬ್ಬೆರಳಿನಿಂದ ಪಾದವನ್ನು ಒತ್ತಿ, ಗುಳಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ನೋಡುತ್ತಿದ್ದರು. ಅಪ್ಪನಿಗೆ ಅದೊಂದು ಮರ್ಯಾದೆಯ ವಿಷಯವಾಗಿಬಿಟ್ಟಿತ್ತು. ಅವರು ಬರುವ ದಿನ ಕಾಲು ತೊಳೆದು ಕೂತಿರುತ್ತಿದ್ದ. ಅವ್ವ ಒಳಗಿನಿಂದ ಹೊರಗೆ ಬರುತ್ತಿರಲಿಲ್ಲ. ಕಾಫಿಯನ್ನು ನಾನೇ ಮಾಡಿ ಕೊಡಬೇಕಿತ್ತು. ಅಕ್ಕ ಹೊರಡುವಾಗ ಅಡುಗೆಮನೆಯ ಕಡೆ ಮುಖ ಮಾಡಿ, "ಬತ್ತೀನಿ ಕಣವ್ವಾ," ಎಂದು ಹೇಳಿಯೇ ಹೊರಡುತ್ತಿದ್ದರು. ಒಳಗೆ ಪಾತ್ರೆಯ ಸದ್ದು ಜೋರಾಗುತ್ತಿತ್ತು. ನಾನು ಎಷ್ಟು ಬೇಡಿಕೊಂಡರೂ ಅವ್ವನದು ಒಂದೇ ಮಾತು: "ದಾರಿ ತಪ್ಸುದ್ಲು ಕಣೇ. ನಿಮ್ಮಪ್ಪನ್ನ ದಾರಿ ತಪ್ಸುದ್ಲು."

ನನಗೂ ಒಳಗೆ ಒಂದು ಕಡೆ ಆ ಸಿಟ್ಟು ಇರಲಿಲ್ಲವೆಂದು ಹೇಳಲಾರೆ. ಅಪ್ಪ ಕುಂಟುತ್ತ ಗದ್ದೆಗೆ ಹೋಗುವುದನ್ನು ನೋಡಿದಾಗ ಬರುತ್ತಿತ್ತು. ಮರುದಿನ ಅಕ್ಕನ ಪಕ್ಕದಲ್ಲಿ ಕೂತಾಗ ಅದೇ ನನ್ನನ್ನು ಸುಡುತ್ತಿತ್ತು.

ಒಂದೆರಡು ವರ್ಷದಲ್ಲಿ ಅಕ್ಕನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿಯಿತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ರಜೆ ಹಾಕಿ ಊರಿಗೆ ಹೋದವರು ಮತ್ತೆ ಬರಲಿಲ್ಲ. ಸುದ್ದಿ ಬಂದ ಬೆಳಗ್ಗೆ ಅಪ್ಪ ಪಂಚೆ ಉಟ್ಟು ಹೊರಟ. ನಾನೂ ಹೊರಟೆ. ಬಾಗಿಲಲ್ಲಿ ಅವ್ವ ಸೀರೆ ಬದಲಾಯಿಸಿ ನಿಂತಿದ್ದಳು.

ಕೌದಳ್ಳಿಯಲ್ಲಿ ಬಸ್ಸಿಳಿದು ಆಟೋ ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಪ್ಪರದಡಿ ಅಕ್ಕನ ತಾಯಿ ಕೂತಿದ್ದರು, ಸಣ್ಣ ಮೈಯ ಮುದುಕಿ. ನಾವು ಯಾರೆಂದು ಯಾರೋ ತಮಿಳಿನಲ್ಲಿ ಹೇಳಿದರು. ಮುದುಕಿ ತಲೆ ಎತ್ತಿ ಅಪ್ಪನ ಕಾಲನ್ನು ನೋಡಿದರು. ಮಗಳು ಇವರ ವಿಷಯ ಹೇಳಿದ್ದಳು, ಆದರೆ ಪೂರ್ತಿ ಹೇಳಿರಲಿಲ್ಲ ಎಂದು ಕಾಣುತ್ತದೆ.

"ನಿಮ್ಗೆ ನಮ್ ಪೊಣ್ಣು ಎಂಗ್ ಗುರ್ತು?" ಎಂದು ಅವ್ವನನ್ನು ಕೇಳಿದರು.

ಅಪ್ಪ ನನ್ನ ಕಡೆ ನೋಡಿದ. ಇಷ್ಟು ದಿನ ಅವ್ವನ ಬಾಯಲ್ಲಿ ಇದ್ದದ್ದು ಒಂದೇ ಮಾತು.

ಅವ್ವ ಮುದುಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ನಮ್ಮೆಜಮಾನ್ರಿಗೆ ಆವು ಕಚ್ಚಿತ್ತು. ಜೀಪಲ್ಲಿ ಓಯ್ತಾ ಇದ್ದೋ. ನಿಮ್ ಮಗ್ಳು ಇಂದ್ಗಡೆಯಿಂದ ಓಡ್ ಬಂದ್ಲು ಕಣವ್ವಾ. ರೋಡಲ್ಲಿ ಅರ್ಡಿದ್ದ ಉಳ್ಳಿ ಮೇಲೆ, ಬರೀ ಕಾಲಲ್ಲಿ. ಬಿದ್ಲು, ಎದ್ಲು, ಮತ್ತೆ ಓಡ್ ಬಂದ್ಲು."

ಮುದುಕಿ ನಂಬದವರಂತೆ ಅವ್ವನ ಮುಖ ನೋಡಿದರು. "ಓಡುದ್ಲಾ? ನಮ್ ಪೊಣ್ಣಾ? ಯಾಕೆ?"

ಅವ್ವ ಮುದುಕಿಯ ಕೈಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಔಷ್ದಿ ಅನೂರಲ್ಲಿ ಅದೆ ಅಂತ ಯೋಳಕ್ಕೆ," ಎಂದಳು.